ಎಡೆಯ ಮೇಲಿನ ಮಾತ್ರೆ

ಹಿರಿಯರ ಹಬ್ಬದ ಎಡೆಯಲ್ಲಿ ಕಿತ್ತಳೆ ಬಣ್ಣದ ಎರಡು ಮಾತ್ರೆಗಳನ್ನು ಕಂಡು ಬಾಲರಾಜ್ ಕೈ ಮುಗಿಯುವುದನ್ನೇ ಮರೆತ.

ಬಾಳೆ ಎಲೆಯ ಮೇಲೆ ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ. ಪಕ್ಕದಲ್ಲಿ ನೀರಿನ ಲೋಟ, ಮಡಿಸಿಟ್ಟ ಹೊಸ ಟೀ ಶರ್ಟು. ಗೋಡೆಯ ಫೋಟೋದಲ್ಲಿ ಗೆಳೆಯ ಗೋಪಿ ನಗುತ್ತಿದ್ದ. ಹೋದ ವರ್ಷ ಜಕ್ಕೂರು ಕೆರೆಯ ಏರಿಯ ಮೇಲೆ ಜೊತೆಯಲ್ಲಿ ಓಡುತ್ತಿದ್ದವನು ಬಾಲರಾಜನ ಕಣ್ಣೆದುರೇ ಕುಸಿದಿದ್ದ. ಆಸ್ಪತ್ರೆ ಸೇರುವ ಹೊತ್ತಿಗೆ ಎಲ್ಲ ಮುಗಿದಿತ್ತು.

“ಸತ್ತೋರು ಏನು ತಿಂತಿದ್ರೋ ಅದನ್ನ ಇಕ್ಕಬೇಕು ಕಣಪ್ಪ,” ಅಂದರು ಗೋಪಿಯ ತಾಯಿ ಗಂಗರತ್ನಮ್ಮ. “ನಮ್ ಮಾವನಿಗೆ ಬ್ರಾಂದಿ ಇಕ್ತಿದ್ವಿ. ಇವನು ಓಡೋಕೆ ಓಗೋ ಮುಂಚೆ ಈ ಗುಳಿಗೆ ನುಂಗ್ತಿದ್ದ. ವೇದಾನೇ ಇಕ್ಕವಳೆ.”

ಗೋಪಿಯ ಹೆಂಡತಿ ವೇದಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ಕಣ್ಣು ಒಂದು ಗಳಿಗೆ ಬಾಲರಾಜನ ಮೇಲೆ ನಿಂತು, ಕೆಂಡ ತಾಗಿದಂತೆ ಸರಿದುಹೋಯಿತು.

ಆ ಮಾತ್ರೆಯ ರುಚಿ ಅವನಿಗೆ ಗೊತ್ತಿತ್ತು. ಗೋಪಿ ಹೋದ ಮೇಲೂ ಅವನು ಓಡುವುದನ್ನು ಬಿಟ್ಟಿರಲಿಲ್ಲ. ಪ್ರತಿ ಭಾನುವಾರ ಕೆರೆಗೆ ಹೋಗುವಾಗ ಈ ಮನೆಯ ಗೇಟಿನಲ್ಲಿ ವೇದಾ ನೀರಿನ ಲೋಟ ಹಿಡಿದು ನಿಂತಿರುತ್ತಿದ್ದಳು. ಮಾತಿಲ್ಲದೆ ಅವನ ಅಂಗೈಗೆ ಮಾತ್ರೆ ಹಾಕುತ್ತಿದ್ದಳು. ಅವಳ ಬೆರಳಿನ ತುದಿ ಅಂಗೈಗೆ ತಾಗಿದ ಆ ಒಂದಿಷ್ಟು ಜಾಗ, ಯಲಹಂಕದ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿದ್ದ ಅವನಿಗೆ ವಾರವಿಡೀ ಬೆಚ್ಚಗಿರುತ್ತಿತ್ತು. ಅವಳು ತನ್ನಲ್ಲಿ ನೋಡುವುದು ಗೋಪಿಯನ್ನೇ ಎಂದು ಅವನು ತಿಳಿದಿದ್ದ. ಅಷ್ಟಕ್ಕೇ ಸಮಾಧಾನ ಪಟ್ಟುಕೊಂಡಿದ್ದ.

ಎಡೆಯಿಟ್ಟ ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದರು. ಸತ್ತವರು ಉಣ್ಣುವಾಗ ಬದುಕಿದ್ದವರು ನೋಡಬಾರದು. ಗಂಗರತ್ನಮ್ಮ ಕಾಗೆಗೆ ಅನ್ನವಿಡಲು ಮಹಡಿ ಹತ್ತಿದರು. ಮುಚ್ಚಿದ ಬಾಗಿಲಿನ ಮುಂದೆ ಇವರಿಬ್ಬರೇ ಉಳಿದರು.

“ಅವತ್ತು ಬಾಟಲಿ ಖಾಲಿಯಾಗಿತ್ತು,” ಎಂದು ವೇದಾ ಪಿಸುಗುಟ್ಟಿದಳು.

“ಯಾವ ಬಾಟಲಿ?”

“ಈ ಮಾತ್ರೇದು. ತರೋದು ಮರ್ತೆ. ಜೋರಾಗಿ ಓಡಿದ್ರೆ ಮೈಯೊಳಗೆ ತುಕ್ಕು ಹಿಡಿಯುತ್ತೆ, ಈ ಆಂಟಿಆಕ್ಸಿಡೆಂಟ್ ಮಾತ್ರೆ ತಗೊಂಡ್ರೆ ಹೋಗುತ್ತೆ ಅಂತ ಜಿಮ್ಮಿನೋರು ಹೇಳಿದ್ರಲ್ಲ. ಅವತ್ತೊಂದಿನ ಹಂಗೇ ಕಳಿಸ್ಬಿಟ್ಟೆ. ವಾಪಸ್ ಬರ್ಲಿಲ್ಲ.”

“ವರ್ಷ ಪೂರ್ತಿ ಹಿಂಗೇ ಅಂದ್ಕೊಂಡಿದ್ರಾ?”

“ನಿಮಗೂ ಹಂಗಾಗಬಾರ್ದು ಅಂತಾನೇ ಕೊಡ್ತಿದ್ದೆ.”

ಬಾಲರಾಜನಿಗೆ ಈಗ ಹೊಳೆಯಿತು. ಅವಳು ಗೇಟಿನಲ್ಲಿ ನಿಂತು ಕಾಪಾಡುತ್ತಿದ್ದದ್ದು ಗೋಪಿಯ ನೆನಪನ್ನಲ್ಲ, ತನ್ನ ಜೀವವನ್ನು. ಮಾತ್ರೆಯ ಬಗ್ಗೆ ನಿಜ ಹೇಳಿದರೆ ಅವಳು ಗೇಟಿಗೆ ಬರಲು ಕಾರಣವೇ ಇರುವುದಿಲ್ಲ. ಹೇಳದಿದ್ದರೆ, ತಪ್ಪು ತನ್ನದೇ ಎಂದುಕೊಂಡು ಈ ಮುಚ್ಚಿದ ಬಾಗಿಲ ಮುಂದೆಯೇ ಅವಳು ಮುದುಕಿಯಾಗುತ್ತಾಳೆ.

“ಮಾತ್ರೆಗೂ ಗೋಪಿ ಹೋಗಿದ್ದಕ್ಕೂ ಸಂಬಂಧ ಇಲ್ಲ ವೇದಾ ಅವ್ರೇ. ಎದೆಯಲ್ಲಿ ಬ್ಲಾಕ್ ಇತ್ತು, ಹಳೇದು. ಡಾಕ್ಟ್ರು ನಿಮ್ಮೆದುರೇ ಹೇಳಿದ್ರಲ್ಲ. ಬುಟ್ಟಿಗಟ್ಟಲೆ ನುಂಗಿದ್ರೂ ಅದು ಕರಗ್ತಿರ್ಲಿಲ್ಲ.”

“ಹಂಗಾದ್ರೆ ತುಕ್ಕು ಅಂದಿದ್ದು ಸುಳ್ಳಾ?”

“ಸುಳ್ಳಲ್ಲ. ಆಗುತ್ತೆ. ಆದ್ರೆ ಮೈ ತಾನೇ ಸುಧಾರಿಸ್ಕೊಳ್ಳುತ್ತೆ. ಹಂಗೆ ಸುಧಾರಿಸ್ಕೊಂಡೇ ಗಟ್ಟಿಯಾಗೋದು. ದೊಡ್ಡ ಡೋಸ್ ದಿನಾ ನುಂಗಿದ್ರೆ ಅದಕ್ಕೇ ಅಡ್ಡಿ ಆಗ್ಬೋದು ಅಂತ ನಮಗೆ ಟ್ರೈನಿಂಗಲ್ಲಿ ಹೇಳಿದ್ರು.”

“ಗೊತ್ತಿದ್ದೂ ನುಂಗ್ತಿದ್ರಾ?”

“ಹೂಂ.”

“ಯಾಕ್ರೀ?”

“ಕೊಡ್ತಿದ್ದೋರು ನೀವಲ್ವಾ.”

ಅವಳ ಕೆನ್ನೆಗೆ ರಕ್ತ ಏರಿತು. ಅಷ್ಟರಲ್ಲಿ ಒಳಗೆ ಲೋಟ ಉರುಳಿದ ಸದ್ದಾಯಿತು. ಇಬ್ಬರೂ ಬಾಗಿಲನ್ನೇ ನೋಡಿದರು. ಗಂಗರತ್ನಮ್ಮ ಇಳಿದು ಬಂದು ಕದ ತೆರೆದಾಗ ಲೋಟ ಇಟ್ಟಲ್ಲೇ, ನೆಟ್ಟಗೆ ಇತ್ತು.

ಭಾನುವಾರ ಅವನು ಗೇಟಿನ ಹತ್ತಿರ ಬಂದಾಗ ವೇದಾ ಬರಿಗೈಯಲ್ಲಿ ನಿಂತಿದ್ದಳು, ಕಾಲಿಗೆ ಚಪ್ಪಲಿ ಮೆಟ್ಟಿ.

“ಅವ್ರು ಬಿದ್ದ ಜಾಗ ನೋಡ್ಬೇಕು. ಕರ್ಕೊಂಡ್ಹೋಗ್ತೀರಾ?”

ಒಳಗಿನಿಂದ ಗಂಗರತ್ನಮ್ಮನ ದನಿ ಬಂತು. “ಬಿಸಿಲೇರೋಕ್ ಮುಂಚೆ ಬಂದ್ಬಿಡಿ. ಇಬ್ರಿಗೂ ರೊಟ್ಟಿ ತಟ್ಟಿರ್ತೀನಿ.”

ಏರಿಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಫ್ಲೈಯಿಂಗ್ ಕ್ಲಬ್ಬಿನ ಸಣ್ಣ ವಿಮಾನವೊಂದು ಗುರುಗುಟ್ಟುತ್ತ ಕಣ್ಮರೆಯಾಯಿತು. ಹೊಂಗೆ ಮರದ ಬುಡದಲ್ಲಿ ಬಾಲರಾಜ್ ನಿಂತ.

“ಇಲ್ಲೇನಾ?”

“ಇಲ್ಲೇ.”

ಅವಳು ಅಳಲಿಲ್ಲ. ಬಹಳ ಹೊತ್ತು ಮಣ್ಣನ್ನೇ ನೋಡುತ್ತ ನಿಂತಳು. ಹಿಂದಿನಿಂದ ಯಾರೋ ಓಡಿ ಬರುವ ಹೆಜ್ಜೆ ಸದ್ದು ಕೇಳಿ ಇಬ್ಬರೂ ಒಂದೇ ಬದಿಗೆ ಸರಿದು ದಾರಿ ಬಿಟ್ಟರು. ಸದ್ದು ಪಕ್ಕದಲ್ಲೇ ಹಾದು ಹೋಯಿತು. ಯಾರೂ ಕಾಣಲಿಲ್ಲ.

ಬೆಚ್ಚಿದ ವೇದಾ ಅವನ ಮಣಿಕಟ್ಟು ಹಿಡಿದಳು. ಬೆರಳಿನ ಕೆಳಗೆ ನಾಡಿ ಜೋರಾಗಿ ಬಡಿಯುತ್ತಿತ್ತು.

“ಯಾಕ್ರೀ ಇಷ್ಟು ಹೊಡ್ಕೊಳ್ತಿದೆ? ಕೂತ್ಕೊಳ್ಳಿ ಮೊದ್ಲು! ಎಷ್ಟು ಓಡಿದ್ರಿ ಇವತ್ತು?”

“ಓಡೇ ಇಲ್ಲ ವೇದಾ. ಮನೆಯಿಂದ ನಡ್ಕೊಂಡೇ ಬಂದೆ.”

ಅವಳು ಅವನ ಮುಖವನ್ನೇ ನೋಡಿದಳು. ಮಂಜಿನಲ್ಲಿ ಆ ಹೆಜ್ಜೆಗಳು ದೂರ ದೂರವಾಗುತ್ತಿದ್ದವು. ಹಿಡಿದ ಕೈಯನ್ನು ಅವಳು ಬಿಡಲಿಲ್ಲ.