ಸಮುದ್ರ ಸುತ್ತಿದ ತೋಳು

"ತಲಿ ಇಲ್ಲ, ಎದಿ ಇಲ್ಲ, ಒಂದು ಎಲುಬೂ ಇಲ್ಲ. ಇದಕ್ಕ ಇಷ್ಟು ಉರಿ ಎಲ್ಲಿಂದ ಬಂತು?"

ಬೋನಾಳ ಕೆರೆಯ ಏರಿಯ ಮೇಲೆ ಕೂತು ಮೊಬೈಲಿನಲ್ಲಿ ಜೆಲ್ಲಿಫಿಶ್ ವಿಡಿಯೊ ನೋಡುತ್ತಿದ್ದ ಮೌನೇಶ್ವರಿ ಯಾರನ್ನೂ ಉದ್ದೇಶಿಸದೆ ಕೇಳಿದ್ದಳು. ಹಕ್ಕಿಯಾಗಲಿ, ಹಲ್ಲಿಯಾಗಲಿ, ಕಂಡದ್ದರ ಬಗ್ಗೆ ಹೀಗೆ ಕೇಳುವುದು ಅವಳ ಚಾಳಿ. ಉತ್ತರ ಬಂದದ್ದು ಇದೇ ಮೊದಲು.

"ಅದಕ್ಕ ಸಿಟ್ಟಿಲ್ರಿ. ಅಡ್ಡ ಬಂದದ್ದನ್ನ ಸುತ್ಕೊಂತದ, ಅಷ್ಟ."

ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು, ಹರಿದಲ್ಲಿ ಹೆಣೆಯುತ್ತಿದ್ದವನು ಕೊಂಕಲ್ಲಿನ ರಾಮಲಿಂಗ. ಮಲ್ಪೆಯ ಬೋಟಿನಲ್ಲಿ ದುಡಿದು ಬಂದವನು, ಈಗ ಅವಳ ಅಪ್ಪ ಬಸವಂತ್ರಾಯನ ಜೊತೆ ಕೆರೆಯಲ್ಲಿ ಮೀನು ಹಿಡಿಯುತ್ತಿದ್ದ.

"ನೀವು ನೋಡೀರೇನು ಅದನ್ನ?"

ಅವನು ಅಂಗಿಯ ತೋಳು ಮಡಚಿದ. ಮಣಿಕಟ್ಟಿನಿಂದ ಮೊಣಕೈವರೆಗೆ ಕಂದು ಗೆರೆಗಳು ಬಳ್ಳಿಯಂತೆ ಸುತ್ತಿದ್ದವು. ಮೌನೇಶ್ವರಿ ಎದ್ದು ಬಂದು, ಕೇಳದೆಯೇ ಒಂದು ಗೆರೆಯ ಮೇಲೆ ಬೆರಳಿಟ್ಟಳು. ಅದು ಹೋದತ್ತ ಬೆರಳೂ ಹೋಯಿತು. ಬಲೆಯ ಸೂಜಿ ನಿಂತಿತು.

"ನೋಯ್ತದೇನು?"

"ಇಷ್ಟು ದಿನ ನೋವು ಇರಲಿಲ್ರಿ."

"ಈಗ?"

"ಬೆರಳು ತಗೀಬ್ಯಾಡ್ರಿ, ವಿಚಾರ ಮಾಡಿ ಹೇಳ್ತೀನಿ."

ಬೆರಳು ತೆಗೆದಳು. ತುಟಿಯ ಮೇಲಿನ ನಗು ತೆಗೆಯಲಾಗಲಿಲ್ಲ.

ಮಳೆಗಾಲ ಮುಗಿಯುವಷ್ಟರಲ್ಲಿ ಅಪ್ಪನೇ ಸಂಬಂಧದ ಮಾತೆತ್ತಿದ. ರಾಮಲಿಂಗ ಊಟಕ್ಕೆ ಬಂದ. ಅವನ ಕೈಗೆ ನೀರು ಹಾಕುತ್ತಿದ್ದ ಅವ್ವ ಹಣಮಂತಮ್ಮನ ತಂಬಿಗೆ ನಡುವೆಯೇ ನಿಂತಿತು.

"ಸರ್ಪಸುತ್ತು," ಎಂದಳು ಒಳಗೆ ಬಂದು. "ತಲಿ ಬಾಲ ಕೂಡ್ಯಾವ. ನನ್ನ ತಮ್ಮಗೂ ಹಿಂಗ ಸೊಂಟ ಸುತ್ತಿ ಕೂಡಿದ್ದವು. ಉಳೀಲಿಲ್ಲ ಅಂವ."

"ಹುಣ್ಣಲ್ಲವ್ವ ಅದು. ಸಮುದ್ರದಾಗಿನ ಪ್ರಾಣಿ ಕುಟುಕಿದ್ದು. ಇಲ್ನೋಡು, ಲೋಳಿ ಹಂಗ ಇರ್ತದ."

"ಲೋಳಿ ಹಿಂಗ ಬರಿ ಎಳೀತದೇನು? ಮೊಬೈಲಿನಾಗ ಏನು ಬೇಕಾದ್ದು ತೋರಸ್ತಾರ." ಅವ್ವನ ದನಿ ಒಡೆಯಿತು. "ಬರೇ ಹಣಿ ಹೊತ್ತು ನನ್ನ ಮುಂದ ಬಂದು ಕೂಡಬ್ಯಾಡ ಮಗಳ."

ಅದು ಹಟವಲ್ಲ, ಹೆದರಿಕೆ ಎಂದು ಮೌನೇಶ್ವರಿಗೆ ಗೊತ್ತಿತ್ತು. ಸೆರಗಿನಿಂದ ಅವ್ವನ ಕಣ್ಣೊರೆಸಿದಳು. ಮಾತು ಮಾತ್ರ ಕೊಡಲಿಲ್ಲ.

ಮರುದಿನ ಏರಿಯ ಮೇಲೆ ರಾಮಲಿಂಗ ತಲೆ ತಗ್ಗಿಸಿಯೇ ಹೇಳಿದ. "ಹಿರಿಯರು ಕೂಡಾಕಿಂತ ಮೊದ್ಲ ನಾ ಮಲ್ಪೆಕ್ಕ ಹೋಗ್ತೀನ್ರಿ. ನಿಮ್ಮವ್ವನ ಕಣ್ಣೀರಿನ ಮ್ಯಾಲ ಮದುವಿ ಬ್ಯಾಡ."

"ಹೋಗ್ರಿ. ನಾನೂ ಬಸ್ ಹತ್ತಿ ಬರ್ತೀನಿ. ನಿಮ್ಮ ಬೋಟಿನವರ ಮುಂದ ನಿಂತು, ಸಮುದ್ರದ ಹುಳಕ್ಕ ಹೆದರದಾಂವ ನನಗ್ಯಾಕ ಹೆದರಿ ಓಡಿ ಬಂದಾನಂತ ಕೇಳ್ತೀನಿ."

ರಾಮಲಿಂಗ ನಕ್ಕುಬಿಟ್ಟ. ಹೋಗಲಿಲ್ಲ.

ಸೋಮವಾರ ಹಿರಿಯರು ಬಂದು ಕೂತರು. ಹುಡುಗಿಯ ಬಾಯಿಂದ ಮಾತು ಬಾರದೆ ಅವರ ಮಂದಿಯಲ್ಲಿ ಎಲೆಅಡಿಕೆ ಹಿಡಿಯುವುದಿಲ್ಲ. ಒಲ್ಲೆ ಎಂದರೆ ತಟ್ಟೆ ತಿರುಗಿ ಹೋಗುತ್ತದೆ, ಮತ್ತೆ ಆ ಮಾತು ಯಾರೂ ಎತ್ತುವುದಿಲ್ಲ.

"ಹೇಳವ್ವ ತಂಗಿ," ಎಂದ ಹಿರಿಯ ಭೀಮರಾಯ.

ಬಾಗಿಲಲ್ಲೇ ಅವ್ವ ಅವಳ ಕೈ ಹಿಡಿದಳು. "ಜೀವನದಾಗ ಒಂದು ಬೇಡಾಕತ್ತೀನಿ. ಒಲ್ಲೆ ಅನ್ನು."

ಮೌನೇಶ್ವರಿ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಬಿಗಿಹಿಡಿದು, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಒಲ್ಲೆ ಅನ್ನಂಗಿಲ್ಲವ್ವ."