ಹಿಂದಿನ ಗೇಟಿನಿಂದ ಹೋಗಲ್ಲ!

"ಇನ್ನೂ ಹೊಗೆ ಆರಿಲ್ಲ! ಆಗಲೇ ಮಿಕ್ಕ ಹುಡುಗರನ್ನ ಮೇಲಕ್ಕೆ ಕಳಿಸ್ತೀರಾ? ನಿಮ್ಮದೇನು ಎದೆನಾ, ಬಂಡೆನಾ?"

ಎಲ್ಲರೆದುರು ಅವನ ಕಾಲರ್ ಹಿಡಿದೇಬಿಟ್ಟಳು ಅವಳು!

ಅವಳು ವಾಯುಪಡೆಯ ತರಬೇತಿ ಶಾಲೆಯ ಆಂಬುಲೆನ್ಸ್ ಡ್ರೈವರ್. ಅವನು ಹಾರುವುದನ್ನು ಕಲಿಸುವವನು, ಹುಡುಗರ ಬಾಯಲ್ಲಿ ಮೇಷ್ಟ್ರು. ನಿನ್ನೆಯವರೆಗೂ ಅವನ ಬೂಟಿನ ಸದ್ದು ಕೇಳಿದರೆ ಸಾಕು, ಅವಳ ಕೆನ್ನೆ ಕೆಂಪೇರುತ್ತಿತ್ತು. ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಇವತ್ತು ಬೆಳಿಗ್ಗೆ ಇಂಜಿನ್ ಕೆಟ್ಟು ರನ್‌ವೇ ಆಚೆ ಬಿದ್ದ ವಿಮಾನದಲ್ಲಿದ್ದವನು ಅವಳ ಒಡಹುಟ್ಟಿದ ತಮ್ಮ. ಶಾಲೆಗೆಲ್ಲ ಮುದ್ದಿನ ಗುಬ್ಬಿ. ಅವನ ಹೆಣ ಹೊತ್ತು ತಂದವಳೂ ಅಕ್ಕನೇ.

"ಕೈ ಬಿಡಿ. ಹುಡುಗರು ಇವತ್ತೇ ಹಾರಬೇಕು," ಎಂದ ಮೇಷ್ಟ್ರು, ಅವಳ ಮುಖ ನೋಡದೆ.

ಮುಖ ಕೂಡ ನೋಡಲಿಲ್ಲ! ಇಂಥವನಿಗಾ ನಾನು ಮನಸ್ಸು ಕೊಟ್ಟಿದ್ದು... ಛೀ!

ಮಧ್ಯಾಹ್ನ ದೊಡ್ಡ ಸಾಹೇಬರ ಅಪ್ಪಣೆ ಬಂತು. ಗಡಿಯ ಯುದ್ಧದಲ್ಲಿ ಮಡಿದವರ ಪೆಟ್ಟಿಗೆಗೆ ಮುಂದಿನ ಗೇಟು, ಸೆಲ್ಯೂಟು. ತರಬೇತಿಯಲ್ಲಿ ಸತ್ತವರಿಗೆ ಅಡುಗೆಮನೆ ಹಿಂದಿನ ಗೇಟು, ಕಸದ ಲಾರಿ ಹೋಗುವ ದಾರಿ.

"ಅವನು ಶತ್ರುವಿನ ಮುಖವನ್ನೇ ನೋಡಿಲ್ಲಮ್ಮ," ಎಂದರು ಸಾಹೇಬರು. "ಹುಡುಗರ ಕಣ್ಣಿಗೆ ಬೀಳದ ಹಾಗೆ ಹೋಗಿಬಿಡು."

"ಸರ್, ಸೇರಿಸ್ಕೊಳ್ಳೋವಾಗ ಅವನನ್ನ ಕರ್ಕೊಂಡು ಬಂದಿದ್ದು ಮುಂದಿನ ಗೇಟಿನಿಂದ ಅಲ್ವಾ?"

ಉತ್ತರಕ್ಕೂ ಕಾಯಲಿಲ್ಲ. ತಮ್ಮನ ಪೆಟ್ಟಿಗೆ ಇದ್ದ ಗಾಡಿ ಹತ್ತಿದಳು, ಸ್ಟೇರಿಂಗನ್ನು ಮುಂದಿನ ಗೇಟಿನ ಕಡೆಗೇ ತಿರುಗಿಸಿದಳು. ಗಂಡೆದೆ ಅನ್ನುತ್ತಾರಲ್ಲ, ಅದೆಲ್ಲ ಸುಳ್ಳು. ಆ ದಿನ ಅಲ್ಲಿದ್ದಿದ್ದು ಅಕ್ಕನ ಎದೆ!

ಗೇಟಿನ ಅಡ್ಡಪಟ್ಟಿ ಇಳಿದಿತ್ತು. ಕಾವಲುಗಾರ ಓಡಿ ಬಂದ.

"ಅಕ್ಕಾ, ದಮ್ಮಯ್ಯ! ನನ್ನ ಕೆಲಸ ಹೋಗುತ್ತೆ!"

"ಹಾಗಾದ್ರೆ ಪಕ್ಕಕ್ಕೆ ನಿಂತ್ಕೊ. ಮುರಿದುಕೊಂಡು ಹೋಗ್ತೀನಿ."

ಹಿಂದೆ ಸಾಹೇಬರ ಜೀಪು. ಎದುರಿಗೆ, ಆಗಷ್ಟೇ ನೆಲಕ್ಕಿಳಿದ ಹುಡುಗರ ಹಿಂಡು, ಮುಂದೆ ಮೇಷ್ಟ್ರು. ಇವನೂ ತಡೆಯೋಕೆ ಬಂದನಾ...? ಅವಳು ಹಲ್ಲು ಕಚ್ಚಿ ಆಕ್ಸಿಲರೇಟರ್ ಮೇಲೆ ಕಾಲಿಟ್ಟಳು.

ಮೇಷ್ಟ್ರು ಅಡ್ಡಪಟ್ಟಿಯನ್ನು ತನ್ನ ಕೈಯಾರೆ ಮೇಲೆತ್ತಿದ.

"ಸೆಲ್ಯೂಟ್!"

ಹುಡುಗರು ಎರಡೂ ಬದಿ ಸಾಲಾಗಿ ನಿಂತರು. ಒಬ್ಬೊಬ್ಬನ ಕಣ್ಣಲ್ಲೂ ನೀರು.

"ನಾಳೆಯಿಂದ ನೀನು ವಿಮಾನ ಮುಟ್ಟೋ ಹಾಗಿಲ್ಲ!" ಸಾಹೇಬರು ಜೀಪಿನಿಂದಲೇ ಗುಡುಗಿದರು.

"ಆಗಲಿ ಸರ್. ಆದ್ರೆ ಗುಬ್ಬಿ ಗೇಟು ದಾಟೋವರೆಗೂ ಸೆಲ್ಯೂಟ್ ಹೊಡೆದ ಈ ಕೈ ಇಳಿಸಲ್ಲ," ಎಂದ ಮೇಷ್ಟ್ರು.

ಗಾಡಿ ದಾಟಿತು. ಅವನು ಓಡಿ ಬಂದು ಅವಳ ಪಕ್ಕದ ಸೀಟು ಹತ್ತಿದ. ಗಾಡಿ ಅವಳ ಅಮ್ಮನ ಊರಿನ ದಾರಿ ಹಿಡಿಯಿತು.

"ಹುಡುಗರನ್ನ ಯಾಕೆ ಹಾರಿಸಿದ್ರಿ?" ಅವಳು ಕೇಳಿದಳು.

"ಭಯ ಒಂದು ರಾತ್ರಿ ಒಳಗೆ ಉಳಿದರೆ, ನಾಳೆ ಕೈ ನಡುಗುತ್ತೆ. ಇನ್ನೊಬ್ಬ ಬೀಳ್ತಾನೆ. ಅದಕ್ಕೇ ಮೊದಲು ನಾನೇ ಹಾರಿದೆ... ಮೇಲೆ ಹೋಗಿ ಒಬ್ಬನೇ ಅತ್ತೆ."

"ನನ್ನ ಮುಖ ಯಾಕೆ ನೋಡಲಿಲ್ಲ?"

"ನೋಡಿದ್ರೆ ಅಲ್ಲೇ ಕುಸಿದು ಬೀಳ್ತಿದ್ದೆ ಕಣೇ."

ಕಣೇ! ಮೊದಲ ಸಲ!

"ಯಾರೂ ಇಲ್ಲದಾಗ ಗುಬ್ಬಿ ನನ್ನನ್ನ ಏನಂತ ಕರೀತಿದ್ದ ಗೊತ್ತಾ?" ಅವನು ಹಿಂದಿದ್ದ ಪೆಟ್ಟಿಗೆಯ ಕಡೆ ತಿರುಗಿ ನೋಡಿದ. "ಭಾವ ಅಂತ."

ಬೆಳಗಿನಿಂದ ಒಂದು ಹನಿ ಉದುರಿಸದವಳು ಗಾಡಿ ಪಕ್ಕಕ್ಕೆ ನಿಲ್ಲಿಸಿ, ಅವನ ಭುಜಕ್ಕೆ ಹಣೆಯಿಟ್ಟು, ಬಿಕ್ಕಿ ಬಿಕ್ಕಿ ಅತ್ತಳು. ಅವನು ತಲೆ ಸವರುತ್ತಾ ಕೂತ.

"ನಿಮ್ಮಮ್ಮನಿಗೆ ಏನಂತ ಹೇಳಲಿ?" ಎಂದ.

"ನಿಮ್ಮ ಮಗನಿಗೆ ಎಲ್ಲರೂ ಸೆಲ್ಯೂಟ್ ಹೊಡೆದರು ಅಂತ ನೀವು ಹೇಳಿ." ಅವಳು ಕಣ್ಣೊರೆಸಿಕೊಂಡು ಗಾಡಿ ಸ್ಟಾರ್ಟ್ ಮಾಡಿದಳು. "ಅಳಿಯ ಬಂದಿದ್ದಾರೆ ಅಂತ ನಾನು ಹೇಳ್ತೀನಿ."