ಕಜ್ಜಾಯವಿಲ್ಲದ ಎಡೆ

ನನ್ನ ಗಂಡನ ಮೊದಲ ಹೆಂಡತಿ ಹೇಮಾಶ್ರೀ ತೀರಿಕೊಂಡು ಎರಡು ವರ್ಷವಾದರೂ ಪ್ರತಿ ಅಮಾವಾಸ್ಯೆಗೆ ಅವಳ ಇಮೇಲ್ ಬರುತ್ತಿತ್ತು. ಕಾಯಿಲೆಯಲ್ಲಿದ್ದಾಗಲೇ ಬರೆದು, ಒಂದೊಂದು ಮೇಲ್ ಹೋಗಬೇಕಾದ ದಿನ ಗೊತ್ತುಮಾಡಿಟ್ಟಿದ್ದಳು. ನನ್ನ ಗಂಡ ಅದನ್ನೋದಿ ನಕ್ಕಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು.

ಮಹಾಲಯ ಅಮಾವಾಸ್ಯೆಗೆ ಗಂಡನ ಊರಾದ ಮಾದಿಹಳ್ಳಿಯಲ್ಲಿ ಅವಳ ಎಡೆಗೆಂದು ಕಜ್ಜಾಯ ಮಾಡಬೇಕಿತ್ತು, ಬೇಕೆಂದೇ ಮಾಡಲಿಲ್ಲ. "ಪಾಕ ಕೆಟ್ಟೋಯ್ತು ಅತ್ತೆ" ಎಂದೆ. ಸತ್ತವರು ಬಂದು ಉಣ್ಣಲೆಂದು ಅತ್ತೆ ಎಡೆಯಿಟ್ಟ ಕೋಣೆಯ ಬಾಗಿಲು ಮುಚ್ಚಿದರು.

ಅಷ್ಟರಲ್ಲಿ ನಾನು ಗಂಡನ ಲ್ಯಾಪ್‌ಟಾಪಿನಲ್ಲಿ ಇನ್ನೂ ಲಾಗಿನ್ ಆಗಿಯೇ ಇದ್ದ ಅವಳ ಖಾತೆ ತೆರೆದು, ಶೆಡ್ಯೂಲ್ ಆಗಿದ್ದ ಮೇಲ್‌ಗಳನ್ನೆಲ್ಲ ರದ್ದುಮಾಡಿದೆ. ಅವು ಡ್ರಾಫ್ಟ್‌ಗೆ ಬಂದು ಕೂತವು, ಅಲ್ಲಿಂದಲೂ ಅಳಿಸಿದೆ.

ಮುಚ್ಚಿದ ಕೋಣೆಯಿಂದ ಬಿಸಿ ಬೆಲ್ಲದ ವಾಸನೆ ಬಂತು.

ಗಂಡನ ಫೋನ್ ಸದ್ದಾಯಿತು. ಅವರು ಓದಿ, ಫೋನನ್ನು ನನ್ನ ಕೈಗಿಟ್ಟರು. ಹೇಮಾಶ್ರೀಯ ಮೇಲ್, ಆಗಷ್ಟೇ ಬಂದದ್ದು.

"ಪಾಕ ಕೆಟ್ಟಿಲ್ಲ ಕಣ್ರೀ. ಅವಳು ಬೆಲ್ಲಾನೇ ಕರಗಿಸ್ಲಿಲ್ಲ."